ಅಮ್ಮನ ಪಿಂಚಣಿ ಪುಸ್ತಕ

ನಮ್ಮ ಅಮ್ಮನ ತಗಡಿನ ಪೆಟ್ಟಿಗೆಯಲ್ಲಿ ಮೂರೇ ಮೂರು ವಸ್ತುಗಳಿಗೆ ರೇಷ್ಮೆ ಬಟ್ಟೆಯ ಹೊದಿಕೆಯಿತ್ತು. ಒಂದು ಕೈವಾರ ತಾತಯ್ಯನವರ ಪಟ, ಇನ್ನೊಂದು ಅಪ್ಪನ ಕನ್ನಡಕ, ಮೂರನೆಯದು ಪಿಂಚಣಿ ಪುಸ್ತಕ. ಪೂಜೆಯ ದಿನ ಪಟ ಹೊರಗೆ ಬರುತ್ತಿತ್ತು. ಕನ್ನಡಕ ಬರುತ್ತಲೇ ಇರಲಿಲ್ಲ. ಪಿಂಚಣಿ ಪುಸ್ತಕ ಮಾತ್ರ ತಿಂಗಳಿಗೊಮ್ಮೆ ತಪ್ಪದೆ ಹೊರಬಂದು, ಅಮ್ಮನ ಸೆರಗಿನೊಳಗೆ ಸೇರಿ, ಬಸ್ಸು ಹತ್ತಿ ಖಜಾನೆಗೆ ಹೋಗಿ ಬರುತ್ತಿತ್ತು.

ಅಪ್ಪ ಗೌರಿಬಿದನೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು. 1971ರಲ್ಲಿ, ಇನ್ನೂ ಕೆಲಸದಲ್ಲಿರುವಾಗಲೇ, ನಾಲ್ಕು ದಿನದ ಜ್ವರದಲ್ಲಿ ಹೋಗಿಬಿಟ್ಟರು. ನನಗೆ ಆಗ ಹದಿನಾರು, ಅಕ್ಕನಿಗೆ ಹತ್ತೊಂಬತ್ತು. ಹೊಲ ಅಂತ ಇದ್ದದ್ದು ಎರಡು ಎಕರೆ ಖುಷ್ಕಿ. ಮಳೆ ಬಂದರೆ ರಾಗಿ, ಬಾರದಿದ್ದರೆ ಧೂಳು. ನೆಂಟರೆಲ್ಲ ಹದಿಮೂರನೆಯ ದಿನ ಉಂಡು ಎದ್ದ ಮೇಲೆ ಅಮ್ಮನ ಮುಂದೆ ಉಳಿದದ್ದು ಎರಡು ಹೆಣ್ಣುಮಕ್ಕಳು ಮತ್ತು ಒಂದು ಅರ್ಜಿ ಫಾರಂ. ಅದು ಕುಟುಂಬ ಪಿಂಚಣಿಯ ಫಾರಂ. ಶಾಲೆಯ ಹೆಡ್‌ಮಾಸ್ಟರು ತಾವೇ ತುಂಬಿ, ಅಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಮಂಜೂರಾಗಿ ಬಂದದ್ದು ಎರಡಂಕಿ ದಾಟದ ಮೊತ್ತ. ಆದರೆ ಅದು ಅಮ್ಮನ ಹೆಸರಿನಲ್ಲಿ ಬಂತು. ಮೂವತ್ತೆಂಟು ವರ್ಷದ ಬದುಕಿನಲ್ಲಿ ಅವಳ ಹೆಸರಿಗೆ ಬಂದ ಮೊದಲ ಹಣ ಅದು.

ಆ ಹಣದ ಹಿಂದೆ ಎಷ್ಟು ದೊಡ್ಡ ಕಥೆಯಿದೆ ಎಂಬುದು ನನಗೆ ಗೊತ್ತಾದದ್ದು ತೀರಾ ಈಚೆಗೆ, ನನ್ನ ಅಕ್ಕನ ಮಗಳು ಒಂದು ಪ್ರಶ್ನೆ ಕೇಳಿದ ಮೇಲೆ. ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಹಳೆಯದನ್ನು ಹೇಳಬೇಕು.

ನಮ್ಮ ಚಿಕ್ಕಬಳ್ಳಾಪುರದ ಕಡೆ ಪಿಂಚಣಿಯ ಮಾತು ಬಂದರೆ ಹಿರಿಯರು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು ನೆನೆಯದೆ ಬಿಡುತ್ತಿರಲಿಲ್ಲ. ಅವರು 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದವರು. ಪೂರ್ತಿ 25 ವರ್ಷ ತುಂಬುವ ಮುಂಚೆಯೇ ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟರು. ಆದರೂ ಅವರ ಕೆಲಸವನ್ನು ಮೆಚ್ಚಿ ಸರ್ಕಾರ ಪಿಂಚಣಿ ಕೊಟ್ಟಿತು ಎಂದು ಹೇಳಿ, 'ಯೋಗ್ಯತೆ ಅಂದರೆ ಅದು' ಎಂದು ಮುಗಿಸುತ್ತಿದ್ದರು. ಚಿಕ್ಕವಳಾಗಿದ್ದಾಗ ನನಗೂ ಅದು ಹೆಮ್ಮೆಯ ಕಥೆಯೇ. ಈಗ ಯೋಚಿಸಿದರೆ ಆ ಕಥೆಯೊಳಗೆ ಇನ್ನೊಂದು ಸತ್ಯ ಕಾಣುತ್ತದೆ. ಮೆಚ್ಚಿ ಕೊಟ್ಟರು ಎಂದರೆ, ಮೆಚ್ಚದಿದ್ದರೆ ಕೊಡುತ್ತಿರಲಿಲ್ಲ ಎಂದೂ ಆಯಿತಲ್ಲ! ಬ್ರಿಟಿಷರ ಕಾಲದಲ್ಲಿ ಪಿಂಚಣಿ ಧಣಿಯ ಕೃಪೆಯಾಗಿತ್ತು. 1871ರ ಪಿಂಚಣಿ ಕಾಯಿದೆ ಬಂದಾಗಲೂ, ಪಿಂಚಣಿಯ ಬಗ್ಗೆ ಸರ್ಕಾರದ ಮೇಲೆ ಸುಮ್ಮನೆ ಸಿವಿಲ್ ಕೋರ್ಟಿಗೆ ಹೋಗುವ ಹಾಗಿರಲಿಲ್ಲ. ನಿವೃತ್ತನಾದ ಮೇಲೂ ನಡತೆ ಚೆನ್ನಾಗಿರಬೇಕು ಎಂಬ ಷರತ್ತು ಬೇರೆ. ಹತ್ತಾರು ವರ್ಷ ದುಡಿದ ಮುದುಕ, ಮುಂದೆಯೂ ತಲೆ ತಗ್ಗಿಸಿಕೊಂಡೇ ಇರಬೇಕು.

ನಮ್ಮ ಮೈಸೂರು ಸಂಸ್ಥಾನ ಇನ್ನೊಂದು ಒಳ್ಳೆಯ ಕೆಲಸ ಮಾಡಿತ್ತು. 1891ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಸರ್ಕಾರಿ ನೌಕರರಿಗಾಗಿಯೇ ಜೀವವಿಮೆಯ ಏರ್ಪಾಡು ಶುರುವಾಯಿತು. ಈಗಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಬೇರು ಅದೇ. ನೌಕರ ಸಂಬಳದಲ್ಲಿ ಕಂತು ಕಟ್ಟಬೇಕು. ಅವನು ಅಕಾಲದಲ್ಲಿ ಸತ್ತರೆ ಮನೆಯವರಿಗೆ ಇಡಿಗಂಟು. ಅದು ಯಾಕೆ ಬೇಕಾಯಿತು? ಪಿಂಚಣಿ ಬದುಕಿರುವ ನೌಕರನಿಗೆ ಮಾತ್ರ. ಅವನು ಕಣ್ಣು ಮುಚ್ಚಿದರೆ ಹೆಂಡತಿಯ ಪಾಲಿಗೆ ಅದೂ ಕಣ್ಣು ಮುಚ್ಚಿದ ಹಾಗೆ. ಅಂದರೆ ಗಂಡನ ಜೊತೆಗೇ ಸಂಬಳ, ಪಿಂಚಣಿ ಎಲ್ಲವೂ ಚಿತೆಯೇರುತ್ತಿತ್ತು.

ಹೆಂಡತಿಗೂ ಬಾಳಿನುದ್ದಕ್ಕೂ ಒಂದು ಪಾಲು ಇರಬೇಕು ಎಂಬ ಏರ್ಪಾಡು ಸರಿಯಾಗಿ ಬಂದದ್ದು 1964ರಲ್ಲಿ. ಕೇಂದ್ರ ಸರ್ಕಾರ ಆ ವರ್ಷದ ಜನವರಿಯಿಂದ ಕುಟುಂಬ ಪಿಂಚಣಿ ಯೋಜನೆ ತಂದಿತು. ಮೈಸೂರು ರಾಜ್ಯದ ನಿಯಮವೂ 1964ರದ್ದೇ. ಅಪ್ಪ ಹೋದದ್ದು 1971ರಲ್ಲಿ. ಹತ್ತು ವರ್ಷ ಮುಂಚೆ ಹೋಗಿದ್ದರೆ ಅಮ್ಮ ಯಾರದೋ ಹೊಲದಲ್ಲಿ ಕಳೆ ಕೀಳಲು ಹೋಗಬೇಕಿತ್ತು, ನಾನು ಈ ಪುಟ ಬರೆಯುವಷ್ಟು ಅಕ್ಷರ ಕಲಿಯುತ್ತಿರಲಿಲ್ಲ.

ಆದರೆ 1964ರ ಆ ಕೇಂದ್ರದ ಯೋಜನೆಯೂ ಪುಕ್ಕಟೆಯದಲ್ಲ. ಹೆಂಡತಿಗೆ ಪಿಂಚಣಿ ಬೇಕೆಂದರೆ ಗಂಡ ತನ್ನ ಗ್ರಾಚ್ಯುಟಿಯಲ್ಲಿ ಎರಡು ತಿಂಗಳ ಸಂಬಳದಷ್ಟು ಬಿಟ್ಟುಕೊಡಬೇಕಿತ್ತು. ಬಿಟ್ಟುಕೊಡದ ಗಂಡಂದಿರ ವಿಧವೆಯರಿಗೆ ಏನೂ ಇಲ್ಲ. ಗಂಡ ಯಾವ ಕಾಗದಕ್ಕೆ ಸಹಿ ಹಾಕಿದ, ಯಾವುದಕ್ಕೆ ಹಾಕಲಿಲ್ಲ ಎಂಬುದು ಹೆಂಡತಿಗೆ ಗೊತ್ತಾಗುತ್ತಿದ್ದುದು ಅವನು ಸತ್ತ ಮೇಲೆಯೇ. 1977ರ ಸೆಪ್ಟೆಂಬರಿನಲ್ಲಿ ಈ ವಂತಿಗೆಯನ್ನು ಕೇಂದ್ರ ಸರ್ಕಾರ ಕೈಬಿಟ್ಟಿತು. ಮುಂಚಿನ ವಿಧವೆಯರ ಗತಿಯೇನು ಎಂದು ಪೂನಮಾಳ್ ಎಂಬ ಹೆಂಗಸು ಸುಪ್ರೀಂ ಕೋರ್ಟಿನವರೆಗೆ ಹೋದಳು. 1985ರಲ್ಲಿ ಬಂದ ಆ ತೀರ್ಪಿನಿಂದ, ಹಣ ಕಟ್ಟದೆ ಹೋದವರ ವಿಧವೆಯರಿಗೂ ಕುಟುಂಬ ಪಿಂಚಣಿ ದಕ್ಕಿತು. ಆಕೆಯ ಹೆಸರನ್ನು ನಮ್ಮ ಹೆಣ್ಣುಮಕ್ಕಳು ಕೇಳಿಯೇ ಇಲ್ಲ. ಕೇಳಿಸಬೇಕು ಅನ್ನಿಸಿ ಇಲ್ಲಿ ಬರೆದಿದ್ದೇನೆ.

ಪಿಂಚಣಿದಾರರಿಗೆಲ್ಲ ಗೊತ್ತಿರುವ ಇನ್ನೊಂದು ಹೆಸರು ನಾಕರಾ. ಕೇಂದ್ರ ಸರ್ಕಾರದ ನಿವೃತ್ತ ಅಧಿಕಾರಿ. 1979ರಲ್ಲಿ ಪಿಂಚಣಿಯ ಲೆಕ್ಕಾಚಾರವನ್ನು ಸುಧಾರಿಸಿದಾಗ, ಮಾರ್ಚ್ 31ರಂದು ಅಥವಾ ಆಮೇಲೆ ನಿವೃತ್ತರಾದವರಿಗೆ ಹೊಸ ಲೆಕ್ಕ, ಅದಕ್ಕೆ ಮುಂಚಿನವರಿಗೆ ಹಳೆಯ ಲೆಕ್ಕ ಎಂದು ಗೆರೆ ಎಳೆದಿದ್ದರು. ಆ ಗೆರೆ ನ್ಯಾಯವೇ ಎಂಬುದು ಪ್ರಶ್ನೆ. 1982ರ ಡಿಸೆಂಬರ್ 17ರಂದು ಐವರು ನ್ಯಾಯಮೂರ್ತಿಗಳ ಪೀಠ, ಒಂದು ತಾರೀಖಿನ ಮೇಲೆ ಪಿಂಚಣಿದಾರರನ್ನು ಒಡೆಯುವುದು ತಪ್ಪು ಎಂದಿತು. ಪಿಂಚಣಿ ಭಿಕ್ಷೆಯಲ್ಲ, ಕೃಪೆಯಲ್ಲ, ದುಡಿದಾಗಲೇ ಗಳಿಸಿಟ್ಟದ್ದು, ಮುಪ್ಪಿಗೆ ಕೈಗೆ ಬರುವುದು ಎಂಬ ತಿಳಿವಳಿಕೆ ಗಟ್ಟಿಯಾದದ್ದು ಅಲ್ಲಿಂದ. ಈಗಲೂ ಡಿಸೆಂಬರ್ 17ನ್ನು ಪಿಂಚಣಿದಾರರ ದಿನವೆಂದು ಆಚರಿಸುತ್ತಾರೆ.

ಕೃಪೆ ಹಕ್ಕಾಗುವುದಕ್ಕೆ ಇಷ್ಟು ಕಾಲ ಹಿಡಿಯಿತು. ಆದರೂ ಅಮ್ಮನ ಅನುಭವದಲ್ಲಿ ಕೃಪೆಯ ವಾಸನೆ ಪೂರ್ತಿ ಹೋಗಿರಲಿಲ್ಲ. ಬದುಕಿದ್ದೇನೆ ಎಂಬ ಸರ್ಟಿಫಿಕೇಟನ್ನು ಎಲ್ಲ ಪಿಂಚಣಿದಾರರೂ ಕೊಡಬೇಕು. ಅಮ್ಮ ಅದರ ಜೊತೆಗೆ ಮರುಮದುವೆಯಾಗಿಲ್ಲ ಎಂಬ ಸರ್ಟಿಫಿಕೇಟನ್ನೂ ಕೊಡಬೇಕಿತ್ತು. ಅದಕ್ಕೆ ಒಬ್ಬ ದೊಡ್ಡ ಅಧಿಕಾರಿ ಸಹಿ ಹಾಕಬೇಕು. ಅಮ್ಮ ಸೆರಗನ್ನು ತಲೆಯ ತುಂಬ ಹೊದ್ದು ಕಚೇರಿಯ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಒಂದು ಸಲ ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಕಿವಿಯ ಹತ್ತಿರ ಹೇಳಿದಳು: "ಗಂಡಸರು ಬದುಕಿದ್ದರೆ ಸಾಕು ಕಣೇ. ನಾವು ಬದುಕಿರುವುದೂ ಸಾಲದು, ಹೇಗೆ ಬದುಕಿದ್ದೇವೆ ಅಂತಲೂ ಹೇಳಬೇಕು." ಅವಳು ಅಷ್ಟು ಉದ್ದದ ಮಾತಾಡುವವಳಲ್ಲ. ಅದಕ್ಕೇ ನೆನಪಿನಲ್ಲಿ ಉಳಿದಿದೆ.

ಆ ಪಿಂಚಣಿಯಲ್ಲಿ ನಾನು ಓದಿದೆ. 1979ರಲ್ಲಿ ಸರ್ಕಾರಿ ಪ್ರೌಢಶಾಲೆಯಲ್ಲಿ ಸಹಶಿಕ್ಷಕಿಯಾದೆ. 2015ರಲ್ಲಿ ನಿವೃತ್ತಳಾದೆ. ಪೂರ್ಣ ಪಿಂಚಣಿಗೆ ಬೇಕಾದ 33 ವರ್ಷ ಸರ್ವೀಸು ದಾಟಿದ್ದರಿಂದ ಕೊನೆಯ ಸಂಬಳದ ಅರ್ಧ ಪಿಂಚಣಿಯಾಯಿತು. ತುಟ್ಟಿಭತ್ಯೆ ಏರಿದಾಗ ಅದೂ ಏರುತ್ತದೆ, ವೇತನ ಆಯೋಗ ಬಂದಾಗ ಮತ್ತೆ ಏರುತ್ತದೆ. ಒಂದನೆಯ ತಾರೀಖಿನ ಆಸುಪಾಸಿಗೆ ಮೊಬೈಲು 'ಟಿಂಗ್' ಎನ್ನುತ್ತದೆ. ಮಗ, ಸೊಸೆ ಯಾರ ಮುಖವನ್ನೂ ನೋಡದೆ ಮಾತ್ರೆ ಚೀಟಿ ಹಿಡಿದು ಅಂಗಡಿಗೆ ಹೋಗಬಲ್ಲೆ. ಮೊಮ್ಮಗಳ ಕೈಗೆ ನೂರು ರೂಪಾಯಿ ಇಡಬಲ್ಲೆ. ಇದು ಎಂಥ ದೊಡ್ಡ ಧೈರ್ಯ ಎಂಬುದನ್ನು ಗಂಡಸರಿಗೆ ಹೇಳಿ ತಿಳಿಸುವುದು ಕಷ್ಟ; ಹೆಂಗಸರಿಗೆ ಹೇಳಬೇಕಾದ್ದೇ ಇಲ್ಲ.

ಇನ್ನು ಅಕ್ಕನ ಮಗಳ ವಿಷಯ. ಚಿಕ್ಕಂದಿನಲ್ಲಿ ರಜಕ್ಕೆ ಬಂದಾಗ ಅಜ್ಜಿಯ ಜೊತೆ ಖಜಾನೆಗೆ ಹೋಗುವುದೆಂದರೆ ಅವಳಿಗೆ ಜಾತ್ರೆ. ಹಣ ಎಣಿಸಿಕೊಂಡ ಮೇಲೆ ಅಜ್ಜಿ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ ಕೊಡಿಸುತ್ತಿದ್ದಳು. "ನಾನೂ ದೊಡ್ಡವಳಾದ ಮೇಲೆ ಸರ್ಕಾರಿ ಕೆಲಸಕ್ಕೆ ಸೇರಿ ಅಜ್ಜಿ ಥರ ಪಿಂಚಣಿ ತಗೋತೀನಿ" ಅನ್ನುತ್ತಿದ್ದಳು. ಎಂಟು ವರ್ಷದ ಹುಡುಗಿಗೆ ಪಿಂಚಣಿಯ ಆಸೆ! ಮನೆಯವರೆಲ್ಲ ನಗುತ್ತಿದ್ದೆವು. 2007ರಲ್ಲಿ ಅವಳು ನಿಜವಾಗಿಯೂ ಚಿಂತಾಮಣಿ ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಗೆ ಶಿಕ್ಷಕಿಯಾಗಿ ಸೇರಿದಳು. ಅಮ್ಮ ಇನ್ನೂ ಇದ್ದಳು. ಆದೇಶದ ಕಾಗದವನ್ನು ಕಣ್ಣಿಗೊತ್ತಿಕೊಂಡಳು. ಅಜ್ಜಿಯ ಥರದ ಪಿಂಚಣಿ ಅವಳಿಗಿಲ್ಲ ಎಂಬುದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಅಷ್ಟು ಹೊತ್ತಿಗೆ ಗೆರೆ ಬಿದ್ದಾಗಿತ್ತು. ಕೇಂದ್ರ ಸರ್ಕಾರ 2004ರ ಜನವರಿ 1ರಿಂದ ಸೇರುವ ನೌಕರರಿಗೆ, ಸೈನ್ಯದವರನ್ನು ಬಿಟ್ಟು, ಹಳೆಯ ಪಿಂಚಣಿ ನಿಲ್ಲಿಸಿತು. ಪಕ್ಕದ ಆಂಧ್ರದಲ್ಲಿ 2004ರ ಸೆಪ್ಟೆಂಬರ್ 1ರಿಂದ. ಅಂದರೆ ನಮ್ಮ ಗೌರಿಬಿದನೂರು ದಾಟಿ ಹಿಂದೂಪುರಕ್ಕೆ ಹೋದರೆ ಅಲ್ಲಿ ನಮಗಿಂತ ಮುಂಚೆಯೇ ಈ ಬದಲಾವಣೆಯಾಗಿತ್ತು. ಕರ್ನಾಟಕದಲ್ಲಿ 2006ರ ಏಪ್ರಿಲ್ 1. ಆ ದಿನದಿಂದ ಸೇರಿದವರಿಗೆ ಹೊಸ ಪಿಂಚಣಿ ಯೋಜನೆ. ಎನ್‌ಪಿಎಸ್ ಎಂದು ಎಲ್ಲರ ಬಾಯಲ್ಲೂ ನಿಂತದ್ದು ಇದೇ.

ಎರಡಕ್ಕೂ ಇರುವ ವ್ಯತ್ಯಾಸವನ್ನು ನಾನು ಅಕ್ಕನಿಗೆ ಹೇಳಿದ ಹಾಗೆಯೇ ಇಲ್ಲಿ ಹೇಳುತ್ತೇನೆ. ಒಂದು ಮನೆಯಲ್ಲಿ ಕೆಲಸಕ್ಕಿರುವ ಹೆಂಗಸಿಗೆ ಯಜಮಾನ, "ನಿನಗೆ ವಯಸ್ಸಾದ ಮೇಲೆ ಸಾಯುವ ತನಕ ಊಟ ಹಾಕುತ್ತೇನೆ" ಎಂದು ಮಾತು ಕೊಡುತ್ತಾನೆ. ಅವಳು ಎಪ್ಪತ್ತಕ್ಕೆ ಸತ್ತರೂ ತೊಂಬತ್ತಕ್ಕೆ ಸತ್ತರೂ, ರಾಗಿ ಅಗ್ಗವಾದರೂ ತುಟ್ಟಿಯಾದರೂ, ಊಟ ಊಟವೇ. ಖರ್ಚಿನ ಭಾರ ಯಜಮಾನನದು. ಇನ್ನೊಂದು ಮನೆಯ ಯಜಮಾನ ಹೇಳುತ್ತಾನೆ: "ನೀನು ತಿಂಗಳಿಗೊಂದು ಸೇರು ರಾಗಿ ಎತ್ತಿಡು, ನಾನೂ ಒಂದು ಸೇರು ಹಾಕುತ್ತೇನೆ. ಅದನ್ನು ಮಂಡಿಯವರ ಕೈಗೆ ಕೊಡೋಣ. ನಿನಗೆ ಅರವತ್ತಾದಾಗ ಅದು ಎಷ್ಟಾಗಿರುತ್ತದೋ ಅಷ್ಟು ನಿನ್ನದು. ಆಮೇಲೆ ನನ್ನನ್ನು ಕೇಳಬೇಡ." ಇಲ್ಲಿ ಯಜಮಾನನ ಪಾಲಿಗೆ ಮಿತಿಯಿದೆ, ಒಂದು ಸೇರು. ಕೆಲಸದವಳ ಭಯಕ್ಕೆ ಮಿತಿಯಿಲ್ಲ.

ಮೊದಲಿಗೆ ಆ ಸೇರಿನ ಅಳತೆ ಹೀಗಿತ್ತು. ನೌಕರಳ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇಕಡಾ 10 ಅವಳ ಸಂಬಳದಿಂದ ಕಡಿತ, ಅಷ್ಟೇ ಮೊತ್ತ ಸರ್ಕಾರದಿಂದ. ಎರಡೂ ಸೇರಿ ಅವಳ ಹೆಸರಿನ ಖಾತೆಗೆ ಹೋಗುತ್ತದೆ. ಅದಕ್ಕೆ ಹನ್ನೆರಡು ಅಂಕಿಯ ಒಂದು ಪ್ರಾನ್ ನಂಬರು. ನಿಧಿ ನಿರ್ವಾಹಕ ಕಂಪನಿಗಳು ಅದನ್ನು ಸಾಲಪತ್ರ, ಷೇರುಗಳಲ್ಲಿ ಹೂಡುತ್ತವೆ. ನಿವೃತ್ತಿಯ ದಿನ ಗಂಟಿನಲ್ಲಿ ಶೇಕಡಾ 60ರವರೆಗೆ ಕೈಗೆ ಬರುತ್ತದೆ. ಕನಿಷ್ಠ ಶೇಕಡಾ 40ರಲ್ಲಿ ವಿಮಾ ಕಂಪನಿಯಿಂದ ವರ್ಷಾಶನ ಕೊಳ್ಳಬೇಕು. ತಿಂಗಳ ಪಿಂಚಣಿ ಎಂದರೆ ಆ ವರ್ಷಾಶನವೇ. ಅದಕ್ಕೆ ತುಟ್ಟಿಭತ್ಯೆಯಿಲ್ಲ, ವೇತನ ಆಯೋಗವಿಲ್ಲ. 2019ರ ಏಪ್ರಿಲಿನಿಂದ ಕೇಂದ್ರ ಸರ್ಕಾರ ತನ್ನ ಪಾಲನ್ನು ಶೇಕಡಾ 14ಕ್ಕೆ ಏರಿಸಿತು, ಕರ್ನಾಟಕವೂ ಅದೇ ಹಾದಿ ಹಿಡಿಯಿತು. ಸೇರು ಸ್ವಲ್ಪ ದೊಡ್ಡದಾಯಿತು. ಆದರೆ ಸೇರು ಸೇರೇ.

ಸೇವೆಯಲ್ಲಿರುವಾಗಲೇ ನೌಕರ ತೀರಿಕೊಂಡರೆ? ನಮ್ಮ ಅಪ್ಪನ ಹಾಗೆ? ಅಲ್ಲಿಯೂ ಮೊದಲ ಹನ್ನೆರಡು ವರ್ಷ ಈ ಯೋಜನೆಯವರಿಗೆ ಹಳೆಯ ಕುಟುಂಬ ಪಿಂಚಣಿ ಇರಲಿಲ್ಲ. ಕೆಲವೇ ವರ್ಷ ಕೆಲಸ ಮಾಡಿ ಸತ್ತವರ ಖಾತೆಯಲ್ಲಿ ಎಷ್ಟು ತಾನೇ ಇದ್ದೀತು? ನೌಕರರ ಕೂಗಿನ ಮೇಲೆ ರಾಜ್ಯ ಸರ್ಕಾರ 2018ರಲ್ಲಿ ಅವರಿಗೂ ಕುಟುಂಬ ಪಿಂಚಣಿ ಮತ್ತು ಗ್ರಾಚ್ಯುಟಿಯನ್ನು ವಿಸ್ತರಿಸಿತು. 1964ರಲ್ಲಿ ತೆರೆದಿದ್ದ ಬಾಗಿಲನ್ನು ಮತ್ತೆ ತಟ್ಟಿ ತೆರೆಸಬೇಕಾಯಿತು.

ಸರ್ಕಾರದ ಪರವಾಗಿಯೂ ಮಾತಾಡಬೇಕು. ಇಲ್ಲದಿದ್ದರೆ ಇದು ಪಿಂಚಣಿ ತಿನ್ನುವವಳ ಸ್ವಾರ್ಥದ ಮಾತಾದೀತು. ನನ್ನ ಪಿಂಚಣಿಗೆಂದು ಯಾವ ನಿಧಿಯನ್ನೂ ಯಾರೂ ಕೂಡಿಡಲಿಲ್ಲ. ಈ ವರ್ಷದ ತೆರಿಗೆಯಲ್ಲಿ ಈ ವರ್ಷದ ಪಿಂಚಣಿ ಕೊಡುತ್ತಾರೆ. ಜನ ಹೆಚ್ಚು ಕಾಲ ಬದುಕುತ್ತಾರೆ, ನೌಕರರು ನಿವೃತ್ತರಾಗುತ್ತಲೇ ಇರುತ್ತಾರೆ, ಬಿಲ್ಲು ಬೆಳೆಯುತ್ತದೆ. ಸಾಲಕ್ಕೆ ಕಡಿವಾಣ ಹಾಕಲು ಕರ್ನಾಟಕ 2002ರಲ್ಲಿಯೇ ವಿತ್ತೀಯ ಹೊಣೆಗಾರಿಕೆ ಕಾಯಿದೆ ತಂದಿತ್ತು. ಎಲ್ಲ ರಾಜ್ಯಗಳಿಗಿಂತ ಮುಂಚೆ. ಮುಂದಿನ ಲೆಕ್ಕ ಹಾಕುವವರಿಗೆ ಪಿಂಚಣಿಯ ಸಾಲು ಕಣ್ಣಿಗೆ ಕುಕ್ಕುವುದು ಸಹಜ.

ಅದಕ್ಕಿಂತಲೂ ನನ್ನನ್ನು ಚುಚ್ಚುವ ಮಾತು ಬೇರೆ ಇದೆ. ಶಿಡ್ಲಘಟ್ಟದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ಅವಳ ತಾಯಿ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಮೂವತ್ತು ವರ್ಷ ಕುದಿನೀರಿನಲ್ಲಿ ಕೈಯಾಡಿಸಿದವಳು. ಬೆರಳ ತುದಿಗಳು ಬೆಂದು ಬಿಳಿಚಿ, ಗೆರೆಯೇ ಅಳಿಸಿಹೋಗಿದೆ. ಅವಳಿಗೆ ಯಾರ ವಂತಿಗೆಯೂ ಇರಲಿಲ್ಲ. 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ಬಂತು. ಬಡ ವೃದ್ಧರಿಗೆ ಶುರುವಿನಲ್ಲಿ ತಿಂಗಳಿಗೆ 400 ರೂಪಾಯಿ. ಒಂದೇ ಬೊಕ್ಕಸ, ಹೆಚ್ಚುಕಡಿಮೆ ಒಂದೇ ಕಾಲ: ಒಂದು ಕಡೆ ಮೇಷ್ಟ್ರುಗಳ ಪಿಂಚಣಿ ಮುಚ್ಚಿತು, ಇನ್ನೊಂದು ಕಡೆ ಕೂಲಿಯವರ ಪಿಂಚಣಿ ತೆರೆಯಿತು. ಒಬ್ಬರ ತಟ್ಟೆಯಿಂದ ತೆಗೆದು ಇನ್ನೊಬ್ಬರಿಗೆ ಬಡಿಸಿದರೆಂದು ನಾನು ಹೇಳುವುದಿಲ್ಲ. ಆದರೆ 'ನಿಮಗೇ ಎಷ್ಟು ಬೇಕು ಟೀಚರಮ್ಮ?' ಎಂದು ಆ ತಾಯಿ ಕೇಳಿದರೆ ನಾನು ಸಲೀಸಾಗಿ ಉತ್ತರ ಕೊಡಲಾರೆ.

ಮಿತಿಯ ಕಥೆ ನಮ್ಮ ಮನೆಯಲ್ಲೇ ಇನ್ನೊಂದಿದೆ. ನಮ್ಮ ಭಾವ ಸಾರ್ವಜನಿಕ ನಿಗಮವೊಂದರಲ್ಲಿ ಕಂಡಕ್ಟರು. ಅಂಥ ನಿಗಮಗಳ ನೌಕರರಿಗೆ ಸರ್ಕಾರಿ ಪಿಂಚಣಿಯಲ್ಲ, ಭವಿಷ್ಯ ನಿಧಿಯ ಜೊತೆಗಿನ 1995ರ ನೌಕರರ ಪಿಂಚಣಿ ಯೋಜನೆ. ಅದರಲ್ಲಿ ಸಂಸ್ಥೆ ಕಟ್ಟುವ ಶೇಕಡಾ 12ರಲ್ಲಿ 8.33 ಪಿಂಚಣಿಗೆ ಹೋಗುತ್ತದೆ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಅದು ಪೂರ್ತಿ ಸಂಬಳದ ಮೇಲಲ್ಲ. ಕಾನೂನು ಗೊತ್ತು ಮಾಡಿದ ಒಂದು ಸಂಬಳದ ಮಿತಿಯ ಮೇಲೆ. ಆ ಮಿತಿ 1995ರಲ್ಲಿ 5,000 ರೂಪಾಯಿ, 2001ರಲ್ಲಿ 6,500. ಆಮೇಲೆ ಹದಿಮೂರು ವರ್ಷ ಕದಲಲಿಲ್ಲ. 2014ರ ಸೆಪ್ಟೆಂಬರಿನಲ್ಲಿ 15,000 ಆಯಿತು. ಭಾವ 2010ರಲ್ಲಿ ನಿವೃತ್ತರಾದರು. ಅಂದರೆ ಅವರ ಸಂಬಳ ಎಷ್ಟೇ ಇರಲಿ, 6,500ರ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 541 ರೂಪಾಯಿ ಪಿಂಚಣಿಗೆ ಹೋಗುತ್ತಿತ್ತು. ಆ ಸಂಬಳವನ್ನು ಸರ್ವೀಸಿನ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. 1995ರ ಹಿಂದಿನ ಸೇವೆಗೆ ಕೊಡುವ ಅಲ್ಪಸ್ವಲ್ಪ ಸೇರಿದರೂ ಭಾವನ ಪಿಂಚಣಿ ಎರಡು ಸಾವಿರ ಮುಟ್ಟಲಿಲ್ಲ. ನಾಡಿನ ರಸ್ತೆಯಲ್ಲೆಲ್ಲ ಓಡಾಡಿ ಟಿಕೆಟ್ ಹರಿದವರಿಗೆ, ದಿನಕ್ಕೆ ಎರಡು ಕಾಫಿ, ಒಂದು ಪತ್ರಿಕೆ ಕೊಂಡರೆ ಅದು ಮುಗಿಯಿತು. ಗೌರವದ ಮನುಷ್ಯ, ತಮ್ಮ ಪಿಂಚಣಿಯ ಮೊತ್ತವನ್ನು ಅಳಿಯನ ಮುಂದೆ ಹೇಳಿದವರಲ್ಲ.

ಅನುದಾನಿತ ಶಾಲೆಗಳ ಕಥೆ ಇನ್ನೂ ವಿಚಿತ್ರ. ಅಲ್ಲಿ ಸಂಬಳ ಕೊಡುವುದು ಸರ್ಕಾರ. ಆದರೆ 2006ರ ಏಪ್ರಿಲಿನ ನಂತರ ಸೇರಿದವರ ವಿಷಯದಲ್ಲಿ, ಮಾಲೀಕನ ಪಾಲಿನ ವಂತಿಗೆಯನ್ನು ಆಡಳಿತ ಮಂಡಳಿಯೇ ಕಟ್ಟಬೇಕು ಎಂಬುದು ಸರ್ಕಾರದ ನಿಲುವಾಯಿತು. ಮಂಡಳಿಗಳು ನಮ್ಮ ಕೈಲಾಗದು ಎಂದವು. ಇಬ್ಬರು ಯಜಮಾನರಿರುವ ಮನೆಯಲ್ಲಿ ಕೆಲಸದವಳಿಗೆ ಊಟವಿಲ್ಲದ ಹಾಗಾಯಿತು. ಆ ಶಿಕ್ಷಕಿಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಬಿಸಿಲು ಮಳೆ ಎನ್ನದೆ ಕೂತದ್ದನ್ನು ನೀವೂ ಪತ್ರಿಕೆಗಳಲ್ಲಿ ನೋಡಿರಬಹುದು.

ಹೊರಗಿನ ದೇಶಗಳಲ್ಲಿಯೂ ಇದು ನಡೆದಿದೆ. ದಕ್ಷಿಣ ಅಮೆರಿಕದ ಚಿಲಿ ದೇಶ 1981ರಲ್ಲಿ, ಮಿಲಿಟರಿ ಆಳ್ವಿಕೆಯ ಕಾಲದಲ್ಲಿ, ಪ್ರತಿಯೊಬ್ಬ ದುಡಿಯುವವನಿಗೂ ಒಂದೊಂದು ಖಾತೆ ಮಾಡಿತು. ದುಡಿಯುವವನದು ಶೇಕಡಾ 10, ಮಾಲೀಕನದು ಸೊನ್ನೆ. ಸೈನಿಕರನ್ನು ಮಾತ್ರ ಹಳೆಯ ಪದ್ಧತಿಯಲ್ಲೇ ಉಳಿಸಿಕೊಂಡರು. ಆ ಖಾತೆಗಳ ಪಿಂಚಣಿ ಸಾಲದೆಂದು ಜನ ಬೀದಿಗಿಳಿದರು. ಕೊನೆಗೆ 2025ರಲ್ಲಿ ಮಾಲೀಕರೂ ಹಂತಹಂತವಾಗಿ ಪಾಲು ಕಟ್ಟಬೇಕೆಂಬ ಕಾನೂನು ಅಲ್ಲಿ ಬಂತು. ಸೊನ್ನೆಯಿಂದ ಮೇಲೇಳಲು ನಲವತ್ತನಾಲ್ಕು ವರ್ಷ.

ನಮ್ಮಲ್ಲಿಯೇ ಇದರ ತಿರುಗುಮುರುಗಾದ ಒಂದು ಹಳೆಯ ಪಾಠವಿದೆ. ರೈಲ್ವೆಯವರಿಗೆ ಮೊದಲು ಇದ್ದದ್ದು ಭವಿಷ್ಯ ನಿಧಿಯ ಇಡಿಗಂಟು. 1957ರಲ್ಲಿ ಪಿಂಚಣಿ ಬಂದಾಗ ಬೇಕಾದವರು ಆರಿಸಿಕೊಳ್ಳಬಹುದು ಎಂದರು. ಅನೇಕರು ಗಂಟೇ ಮೇಲು ಎಂದು ಅದರಲ್ಲೇ ಉಳಿದರು. ಬೆಲೆಗಳು ಏರುತ್ತ ಹೋದ ಮೇಲೆ ಗಂಟು ಕರಗಿತು, ಪಿಂಚಣಿಯವರದು ಬೆಳೆಯಿತು. ನಮಗೂ ಪಿಂಚಣಿ ಕೊಡಿ ಎಂದು ಅವರು ಕೋರ್ಟಿಗೆ ಹೋದಾಗ, ನೀವು ಆರಿಸಿಕೊಂಡದ್ದೇ ಬೇರೆ ಎಂದು 1990ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಅವರಿಗಾದರೋ ಆರಿಸುವ ಅವಕಾಶವಿತ್ತು. ನಮ್ಮ ಹುಡುಗಿಗೆ ಅದೂ ಇರಲಿಲ್ಲ.

2022ರ ಡಿಸೆಂಬರಿನಲ್ಲಿ ಎನ್‌ಪಿಎಸ್ ನೌಕರರು ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಾಗ ಅವಳೂ ಎರಡು ದಿನ ಹೋಗಿ ಬಂದಳು. 2023ರ ಮಾರ್ಚ್ 1ರಂದು ರಾಜ್ಯದ ನೌಕರರೆಲ್ಲ ಮುಷ್ಕರ ಹೂಡಿದರು. ಸರ್ಕಾರ ಶೇಕಡಾ 17 ಮಧ್ಯಂತರ ಪರಿಹಾರ ಕೊಟ್ಟು, ಹಳೆಯ ಪಿಂಚಣಿಯ ಬಗ್ಗೆ ನೋಡಲು ಸಮಿತಿ ಮಾಡಿತು. 2024ರ ಜನವರಿಯಲ್ಲಿ ಇನ್ನೊಂದು ಸುದ್ದಿ. ನೇಮಕಾತಿಯ ಅಧಿಸೂಚನೆ 2006ರ ಏಪ್ರಿಲಿಗೆ ಮುಂಚೆ ಹೊರಟು, ಕೆಲಸಕ್ಕೆ ಸೇರಿದ್ದು ಆಮೇಲೆ ಆದ ಸುಮಾರು 13,000 ನೌಕರರಿಗೆ ಹಳೆಯ ಪಿಂಚಣಿ ಕೊಡುವುದಾಗಿ ಆದೇಶವಾಯಿತು. ಬೇರೆ ಇಲಾಖೆಯಲ್ಲಿರುವ ಅವಳ ಗೆಳತಿ ಆ ಗೆರೆಯ ಒಳಗೆ ಬಂದಳು. ನಮ್ಮವಳ ಅಧಿಸೂಚನೆ ಗೆರೆಯ ಆಚೆಯದು. ಅವತ್ತು ಗೆಳತಿ ತಂದ ಮೈಸೂರುಪಾಕನ್ನು ನಮ್ಮ ಮನೆಗೂ ಒಂದು ಡಬ್ಬಿಯಲ್ಲಿ ಹಾಕಿ ತಂದಿದ್ದಳು. ನಗುನಗುತ್ತಲೇ ಕೊಟ್ಟಳು. ಆದರೆ ತಾನು ಒಂದು ಚೂರೂ ಬಾಯಿಗಿಡಲಿಲ್ಲ.

ಕಳೆದ ನವೆಂಬರಿನಲ್ಲಿ ನನ್ನ ಜೀವಂತ ಪ್ರಮಾಣಪತ್ರ ಕೊಡಿಸಲು ಅವಳೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದಳು. ಈಗ ಯಂತ್ರದ ಮೇಲೆ ಬೆರಳಿಟ್ಟರೆ ಸಾಕು. ವಾಪಸು ಬರುವಾಗ, ಅಜ್ಜಿಯ ನೆನಪಿಗೆ, ಮಸಾಲೆ ದೋಸೆ ತಿನ್ನಲು ಕೂತೆವು. ಆಗ ಕೇಳಿದಳು:

"ಚಿಕ್ಕಮ್ಮ, ನಿಮ್ಮ ಪಿಂಚಣಿಗೆ ನೀವು ಸಂಬಳದಲ್ಲಿ ಎಷ್ಟು ಕಟ್ಟುತ್ತಿದ್ದಿರಿ?"

"ಒಂದು ಪೈಸೆಯೂ ಇಲ್ಲ ಕಣೇ" ಅಂದೆ.

ಅವಳು ಸುಮ್ಮನೆ ದೋಸೆಯ ಅಂಚು ಮುರಿದಳು. ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳ ಪಾಠ ನನ್ನ ಪಾಠಕ್ಕಿಂತ ಕಡಿಮೆಯದಲ್ಲ. ನಾನು ಒಂದೇ ತರಗತಿಗೆ ಗಣಿತ ಹೇಳಿದವಳು. ಅವಳು ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ಬಿಸಿಯೂಟದ ಲೆಕ್ಕವನ್ನೂ ಬರೆಯುತ್ತಾಳೆ. ನಮ್ಮಿಬ್ಬರ ನಡುವೆ ಇರುವುದು ಒಂದು ತಾರೀಖು ಮಾತ್ರ. ನಾಕರಾ ತೀರ್ಪು ಓದಿದಾಗ ತಾರೀಖಿನ ಗೆರೆ ತಪ್ಪು ಎಂದು ತಲೆಯಾಡಿಸಿದ್ದ ನಾನು, ಈ ಗೆರೆಯ ಸುಖವಾದ ಬದಿಯಲ್ಲಿ ಕೂತಿದ್ದೇನೆ.

ಕೇಂದ್ರ ಸರ್ಕಾರ ತನ್ನ ನೌಕರರಿಗೆ 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ಯೋಜನೆ ಎಂಬ ನಡುದಾರಿಯನ್ನು ತೆರೆಯಿತು. ನೌಕರರ ಪಾಲು ಶೇಕಡಾ 10, ಸರ್ಕಾರದ ಪಾಲು 18.5. ಇಪ್ಪತ್ತೈದು ವರ್ಷ ದುಡಿದವರಿಗೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲವೇತನದ ಅರ್ಧ ಖಾತ್ರಿ. ಹತ್ತು ವರ್ಷವಾದರೂ ದುಡಿದವರಿಗೆ ತಿಂಗಳಿಗೆ ಕನಿಷ್ಠ 10,000. ಇದರಲ್ಲಿ ನನಗೆ ಹಿಡಿಸಿದ್ದು ಒಂದೇ ಮಾತು: ಇಬ್ಬರೂ ಕಟ್ಟಬೇಕು, ಆದರೆ ಕೊನೆಗೆ ಕೈಗೆ ಬರುವುದು ಇಷ್ಟು ಎಂದು ಮೊದಲೇ ಗೊತ್ತಿರಬೇಕು. ಸೇರನ್ನೂ ಅಳೆಯಲಿ, ಊಟದ ಮಾತನ್ನೂ ಕೊಡಲಿ. ಮೇಷ್ಟ್ರುಗಳಿಗಷ್ಟೇ ಅಲ್ಲ, ಶಿಡ್ಲಘಟ್ಟದ ಆ ತಾಯಿಗೂ ಮುಪ್ಪಿಗೆ ಸಾಕಾಗುವಷ್ಟು ಎಂಬ ಮಾತೊಂದು ಇರಬೇಕು. ಹಣ ಎಲ್ಲಿಂದ ಎಂದು ಕೇಳುವವರು ಕೇಳಲಿ, ಕೇಳಬೇಕಾದ ಪ್ರಶ್ನೆಯೇ. ಆದರೆ ಮುದುಕಿಯರ ಹೊಟ್ಟೆಯಿಂದ ಮಾತ್ರ ಆ ಉತ್ತರ ಶುರುವಾಗಬಾರದು.

ನಿಮ್ಮಲ್ಲಿ ದುಡಿಯುವ ಹೆಣ್ಣುಮಕ್ಕಳು ಇದ್ದರೆ, ಅವರ ಖಾತೆಯ ಚೀಟಿಯನ್ನು ವರ್ಷಕ್ಕೊಮ್ಮೆಯಾದರೂ ತೆಗೆದು ನೋಡಿ. ಎರಡು ಪಾಲೂ ತಿಂಗಳು ತಿಂಗಳು ಬಿದ್ದಿದೆಯೇ, ನಾಮಿನಿಯ ಜಾಗದಲ್ಲಿ ಯಾರ ಹೆಸರಿದೆ ಎಂದು ಕೇಳಿ. ಗಂಡನ ಖಾತೆಯನ್ನೂ ಕೇಳಿ. ನಾಚಿಕೊಳ್ಳಬೇಡಿ. ನಮ್ಮ ಅಮ್ಮನ ಕಾಲದ ಹಾಗೆ ಎಲ್ಲ ಮುಗಿದ ಮೇಲೆ ಫಾರಂ ಹಿಡಿದುಕೊಂಡು ನಿಲ್ಲುವ ಪಾಡು ಬೇಡ.

ಅಮ್ಮ 2009ರಲ್ಲಿ ಹೋದಳು. ಪಿಂಚಣಿ ಪುಸ್ತಕವನ್ನು ವಾಪಸು ಕೊಟ್ಟದ್ದಾಯಿತು. ರೇಷ್ಮೆ ಬಟ್ಟೆ ಮಾತ್ರ ಪೆಟ್ಟಿಗೆಯಲ್ಲಿಯೇ ಉಳಿದಿದೆ. ಅಕ್ಕನ ಮಗಳು 2043ರಲ್ಲಿ ನಿವೃತ್ತಳಾಗುತ್ತಾಳೆ. ಅಷ್ಟು ದಿನ ನಾನಿರುವುದಿಲ್ಲ. ಆ ತಿಂಗಳು ಅವಳ ಮೊಬೈಲು 'ಟಿಂಗ್' ಎಂದಾಗ ಎಷ್ಟು ಬಂದಿರುತ್ತದೆ ಎಂದು ಇವತ್ತು ಹೇಳಬಲ್ಲವರು ಯಾರೂ ಇಲ್ಲ. 1971ರಲ್ಲಿ ಹೆಬ್ಬೆಟ್ಟೊತ್ತಿದ ನನ್ನ ಅಮ್ಮನಿಗೆ ಮಾತ್ರ ಮುಂದಿನ ತಿಂಗಳು ಎಷ್ಟು ಬರುತ್ತದೆ ಎಂಬುದು ಗೊತ್ತಿತ್ತು.